ಏದುಸಿರು

"ಇನ್ನೊಂದೇ ಕಂಬ ಟೈಲರಮ್ಮ, ಇನ್ನೊಂದೇ ಕಂಬ! ಆಮೇಲೆ ನಡೀರಿ, ತೆವಳಿ, ನಾನು ಕೇಳಲ್ಲ!"

ಮುಂದೆ ಓಡುತ್ತಿದ್ದ ನರ್ಸು ಹಿಂದಕ್ಕೆ ತಿರುಗಿ, ಹಿಮ್ಮುಖವಾಗಿಯೇ ಓಡುತ್ತ ಚಪ್ಪಾಳೆ ತಟ್ಟಿದಳು. ಟೈಲರಮ್ಮ ದೀಪದ ಕಂಬವನ್ನು ದುರುಗುಟ್ಟಿ ನೋಡಿದಳು. ದಿನವಿಡೀ ಹೊಲಿಗೆ ಯಂತ್ರದ ಮುಂದೆ ಕೂತು ಮೈ ಬೆಳೆಸಿಕೊಂಡ ಹೆಂಗಸು. ಪೆಡಲ್ ತುಳಿಯುವುದು ಬಿಟ್ಟರೆ ಆ ಕಾಲುಗಳಿಗೆ ಬೇರೆ ವಿದ್ಯೆ ಗೊತ್ತಿರಲಿಲ್ಲ. ಸಕ್ಕರೆ ಕಾಯಿಲೆ ತಲೆ ಎತ್ತಿದೆ, ಮೈ ಇಳಿಸದಿದ್ದರೆ ಕಣ್ಣಿಗೇ ಬರುತ್ತದೆ ಎಂದು ಡಾಕ್ಟರು ಹೆದರಿಸಿದ್ದರು. ಕಣ್ಣು ಹೋದರೆ ಟೈಲರಿಗೆ ಇನ್ನೇನು ಉಳಿಯಿತು? ಪಕ್ಕದ ಮನೆಯ ಈ ನರ್ಸೇ ತನ್ನ ಹಳೇ ಬೂಟು ಕೊಟ್ಟು, ಕೈ ಹಿಡಿದು ಎಳೆದುಕೊಂಡು ಬಂದಿದ್ದಳು. ಒಂದು ಕಂಬ ಓಡು, ಒಂದು ಕಂಬ ನಡೆ ಎಂದು ಶುರುವಾಗಿತ್ತು. ಮೊದಮೊದಲು ಹಾಲಿನ ಅಂಗಡಿಯಾಕೆ, "ಏನಮ್ಮಾ, ಬಸ್ ತಪ್ಪಿಹೋಯ್ತಾ?" ಎಂದು ನಗುತ್ತಿದ್ದಳು. ಈಗ ಅವಳೂ "ಬಿಡ್ಬೇಡಿ, ಬಿಡ್ಬೇಡಿ" ಎಂದು ಕೂಗುತ್ತಿದ್ದಳು.

ಮನೆಯಲ್ಲಿ ಮಾತ್ರ ಇದಕ್ಕೆ ವಾಕಿಂಗ್ ಎಂದೇ ಹೆಸರು. ಇದ್ದೊಬ್ಬ ಮಗಳು ಸೈಕಲ್ ರಿಪೇರಿಯವನ ಜೊತೆ ಓಡಿಹೋಗಿ ಎರಡು ವರ್ಷವಾಗಿತ್ತು. ಅಂದಿನಿಂದ ಆ ಮನೆಯಲ್ಲಿ ಓಡು ಎಂಬ ಮಾತಿಗೆ ಜಾಗವಿರಲಿಲ್ಲ. ಗಂಡ ವಾಚು ರಿಪೇರಿಯವನು. ಗಿರಾಕಿಗಳು, "ಇದು ಇನ್ನು ಓಡುತ್ತಾ?" ಎಂದು ಕೇಳಿದರೆ, "ನಡೆಯುತ್ತೆ" ಎಂದು ತಿದ್ದುತ್ತಿದ್ದ. ಮಗಳು ಹೋದ ದಿನ ಅವನು ಕೂಗಾಡಲಿಲ್ಲ. "ಇನ್ನು ಅವಳು ಈ ಮನೆಗೆ ಬರೋದೇನಿದ್ರೂ ನನ್ನ ಹೆಣ ನೋಡೋಕೆ. ನೀನು ಅಲ್ಲಿಗೆ ಹೋಗೋದಾದ್ರೆ ಅಲ್ಲೇ ಇದ್ದುಬಿಡು" ಎಂದಷ್ಟೇ ಹೇಳಿದ. ಆ ಮಾತು ಮಗಳ ಕಿವಿಗೂ ಬಿತ್ತು. ತಾಯಿಯಂತೆ ಮಗಳು ಅನ್ನುತ್ತಾರೆ. ಹಟದಲ್ಲಿ ಇವಳು ಅಪ್ಪನದೇ ಅಚ್ಚು. ಊರಿನ ಇನ್ನೊಂದು ತುದಿಯಲ್ಲೇ ಇದ್ದರೂ ಇತ್ತ ತಲೆ ಹಾಕಲಿಲ್ಲ. ಇಬ್ಬರ ನಡುವೆ ಅಡಕತ್ತರಿಯಲ್ಲಿ ಸಿಕ್ಕವಳು ಟೈಲರಮ್ಮ.

ಅಂದು ನರ್ಸು ಅವಳನ್ನು ಸೇತುವೆಯ ತನಕ ಓಡಿಸಿಬಿಟ್ಟಳು.

"ನೋಡಿದ್ರಾ, ಒಂದು ಸಲಾನೂ ನಿಲ್ಲಿಲ್ಲ! ಬಾಯಿ ಸಿಹಿ ಮಾಡಿಸ್ತಿದ್ದೆ, ಏನ್ಮಾಡ್ಲಿ, ನಿಮಗೆ ಸಕ್ಕರೆ" ಎಂದು ಬೆನ್ನು ತಟ್ಟಿ, ಡ್ಯೂಟಿಗೆ ಹೊತ್ತಾಯಿತೆಂದು ಆಸ್ಪತ್ರೆಯ ದಾರಿ ಹಿಡಿದಳು.

ಟೈಲರಮ್ಮ ಮನೆಗೆ ತಿರುಗಬೇಕಿತ್ತು. ಸೇತುವೆಯ ಆಚೆ ಮಗಳ ಬೀದಿ. ದೂರದಿಂದ ನೋಡಿ ಬರುವುದಕ್ಕೆ ಯಾರ ಅಪ್ಪಣೆ ಬೇಕು ಎನ್ನಿಸಿತು. ನಡೆದುಕೊಂಡು ಹೋದರೆ ದಾರಿಯಲ್ಲಿ ಬುದ್ಧಿ ಬಂದುಬಿಡುತ್ತದೆ ಎಂದು ಹೆದರಿ ಓಡಿದಳು. ಬೀದಿಯ ಮೂಲೆಯಲ್ಲೇ ನಿಲ್ಲುವ ಯೋಚನೆ. ಆದರೆ ಅದು ಇಳಿಜಾರು, ಇಳಿಜಾರಿನಲ್ಲಿ ನಿಲ್ಲುವುದು ಹೇಗೆಂದು ನರ್ಸು ಇನ್ನೂ ಹೇಳಿಕೊಟ್ಟಿರಲಿಲ್ಲ. ಮನೆಯ ಮುಂದಿನ ನಲ್ಲಿಗೆ ಬಕೆಟ್ಟು ಹಿಡಿದು ನಿಂತಿದ್ದ ಮಗಳ ಎದುರಿಗೇ ಹೋಗಿ ನಿಂತಳು.

ಮಗಳು ತಲೆ ಎತ್ತಿದಳು. ಅಮ್ಮ ಓಡಿದ್ದನ್ನು ಅವಳು ಹುಟ್ಟಿದಾಗಿನಿಂದ ಕಂಡಿರಲಿಲ್ಲ. ಕೂದಲು ಬಿಚ್ಚಿದೆ, ಮುಖ ಕೆಂಪಾಗಿದೆ, ಕಣ್ಣಲ್ಲಿ ಬೆವರೋ ನೀರೋ ತಿಳಿಯದು.

"ಅಮ್ಮಾ... ಅಪ್ಪಂಗೆ ಏನಾಯ್ತು?"

ಏನೂ ಆಗಿಲ್ಲ, ಅಪ್ಪ ಚೆನ್ನಾಗಿದ್ದಾರೆ, ನನಗೇ ನಿನ್ನನ್ನು ನೋಡಬೇಕು ಅನ್ನಿಸಿತು. ಹೇಳಬೇಕಾಗಿದ್ದದ್ದು ಇಷ್ಟೇ. ಮೊಣಕಾಲಿಗೆ ಕೈ ಊರಿ ಬಗ್ಗಿ, "ಅಪ್ಪ..." ಎಂದಳು. ಮುಂದಿನದನ್ನು ಕೆಮ್ಮು ನುಂಗಿತು.

ಬಕೆಟ್ಟು ಉರುಳಿತು. ಮಗಳು ಬರಿಗಾಲಲ್ಲೇ ಓಡತೊಡಗಿದ್ದಳು. "ನಿಲ್ಲೇ, ನಿಲ್ಲೇ" ಎನ್ನಲು ಗಂಟಲಿಗೆ ಶಕ್ತಿಯಿಲ್ಲ. ಟೈಲರಮ್ಮ ಹಿಂದೆಯೇ ಓಡಿದಳು.

ಸೇತುವೆಯ ಮೇಲೆ ಮಗಳು ಎಡವಿ, ಕಂಬಿ ಹಿಡಿದು ನಿಂತುಬಿಟ್ಟಳು.

"ಮೊನ್ನೆ ಅಪ್ಪನ ಅಂಗಡಿ ಮುಂದೇನೇ ಹೋದೆ ಕಣಮ್ಮಾ. ತಲೆ ಬಗ್ಗಿಸ್ಕೊಂಡು ಕೆಲಸ ಮಾಡ್ತಾ ಇದ್ರು. ಒಂದು ಸಲ ಅಪ್ಪಾ ಅಂದಿದ್ರೆ ನನ್ನ ಗಂಟೇನು ಹೋಗ್ತಿತ್ತು!" ಎಂದು ಬಿಕ್ಕಿದಳು.

ಅಷ್ಟು ಹೊತ್ತಿಗೆ ಟೈಲರಮ್ಮನ ಉಸಿರು ಹದಕ್ಕೆ ಬಂದಿತ್ತು. ನಿಜ ನಾಲಿಗೆಯ ತುದಿಯಲ್ಲಿತ್ತು. ಅದನ್ನು ಹೇಳಿದರೆ ಮಗಳು ಇಲ್ಲಿಂದಲೇ ಹಿಂದಿರುಗುತ್ತಾಳೆ, ಮತ್ತೆ ಎಷ್ಟು ವರ್ಷವೋ. ಹೆತ್ತ ಮಗಳು ಹೀಗೆ ಅಳುವುದನ್ನು ನೋಡುತ್ತ ಬಾಯಿ ಮುಚ್ಚಿಕೊಂಡಿರುವ ತನ್ನ ಬಗ್ಗೆ ಅವಳಿಗೇ ಅಸಹ್ಯವಾಯಿತು. ಬದುಕಿರುವ ಗಂಡನನ್ನು ನಡುಬೀದಿಯಲ್ಲಿ ಸಾಯಿಸಿದ ಹಾಗಾಗಿತ್ತು.

"ನಡಿ" ಎಂದಳು.

ವಾಚಿನವನು ಬಾಗಿಲ ಮೆಟ್ಟಿಲ ಮೇಲೆ ಕನ್ನಡಿ ಇಟ್ಟುಕೊಂಡು ಗಡ್ಡ ಕೆರೆಯುತ್ತಿದ್ದ. ಒಂದು ಕೆನ್ನೆ ನುಣ್ಣಗಾಗಿತ್ತು, ಇನ್ನೊಂದರ ಮೇಲೆ ಸೋಪಿನ ನೊರೆ. ಗೋಳಾಡುತ್ತ ಬಂದ ಮಗಳು ಅವನನ್ನು ಕಂಡು ಗಕ್ಕನೆ ನಿಂತಳು. ಬಾಯಿ ತೆರೆದೇ ಇತ್ತು, ಅಳು ನಿಂತುಹೋಯಿತು. ಅವನು ಮಗಳನ್ನು ನೋಡಿದ, ಅವಳ ಹಿಂದೆ ಏದುಸಿರು ಬಿಡುತ್ತಿದ್ದ ಹೆಂಡತಿಯನ್ನು ನೋಡಿದ. ಬಿಡಿಸಿ ಹೇಳಬೇಕಾಗಲಿಲ್ಲ.

"ನನ್ನ ಹೆಣ ನೋಡೋಕೆ ಬಂದ್ಯಾ?"

ಆ ದನಿಯಲ್ಲಿ ಸಿಟ್ಟಿಗಿಂತ ದಿಗಿಲಿತ್ತು. ಮಗಳು ಹೂಂ ಎಂದು ತಲೆಯಾಡಿಸಿದಳು. ಆಮೇಲೆ ತಾಯಿಯ ಕಡೆ ತಿರುಗಿ, "ಸೇತುವೆ ಮೇಲಾದ್ರೂ ಹೇಳ್ಬಹುದಿತ್ತು ನೀನು" ಎಂದಳು. ಮಗಳು ಬಂದ ದಾರಿಗೇ ಹೊರಳಿದಳು. ಕಾಲಿಟ್ಟ ಕಡೆಯಲ್ಲೆಲ್ಲ ರಕ್ತದ ಗುರುತು ಬೀಳುತ್ತಿತ್ತು.

"ಗಾಜು ಚುಚ್ಚಿದೆ. ಕೂತ್ಕೋ" ಎಂದ ಅಪ್ಪ.

ಅವಳು ಕೂರಲಿಲ್ಲ, ಹೋಗಲೂ ಇಲ್ಲ. ಅವನು ಒಳಗೆ ಹೋಗಿ ಒಂದು ತಂಬಿಗೆ ನೀರು, ಕೆಲಸದ ಚಿಮುಟ, ವಾಚು ಬಿಚ್ಚುವಾಗ ಕಣ್ಣಿಗೆ ಸಿಕ್ಕಿಸಿಕೊಳ್ಳುವ ಮಸೂರ ತಂದು ಅವಳ ಎದುರು ನೆಲದ ಮೇಲೆಯೇ ಕುಳಿತ. ಕೊನೆಗೆ ಅವಳೂ ಕೆಳಗಿನ ಮೆಟ್ಟಿಲ ಮೇಲೆ ಕೂತಳು, ತಾಯಿಗೆ ಬೆನ್ನು ಹಾಕಿ. ಅವನು ನೀರು ಸುರಿದು ಪಾದವನ್ನು ತೊಡೆಯ ಮೇಲಿಟ್ಟುಕೊಂಡ, ಮಸೂರ ಸಿಕ್ಕಿಸಿಕೊಂಡು ಬಗ್ಗಿದ. ಕೆನ್ನೆಯ ನೊರೆ ಒಣಗುತ್ತಿತ್ತು.

"ಏನೂ ಕಾಣ್ತಿಲ್ಲ" ಎಂದ.

ಮಸೂರ ತೆಗೆದು ಅಂಗಿಯ ಅಂಚಿನಲ್ಲಿ ಒರೆಸಿ ಮತ್ತೆ ಕಣ್ಣಿಗೆ ಸಿಕ್ಕಿಸಿಕೊಂಡ. ಸ್ವಲ್ಪ ಹೊತ್ತಿಗೆ ಮತ್ತೆ ತೆಗೆದು ಒರೆಸಿದ.