ಹೊಟ್ಟೆಯೊಳಗಿನ ಪಂಪು

ಎಂಬತ್ತೊಂಬತ್ತರ ಬೇಸಿಗೆ. ಬಾಗಲಕೋಟೆಯ ಡಾಕ್ಟರ ಕೋಣೆಯಲ್ಲಿ ರಾಚಪ್ಪ ಮಾಸ್ತರರು ಅರ್ಧ ತಾಸು ವಾದ ಮಾಡಿದರು. ಹೆಂಡತಿ ಶಿವಲಿಂಗವ್ವನ ಕಾಲು ಜೋಮು ಹಿಡಿಯುತ್ತಿದ್ದವು; ಮುಂಬೈಗೆ ಹೊಸದಾಗಿ ಬಂದ ಆಯಸ್ಕಾಂತದ ಯಂತ್ರದೊಳಗೆ ಮಲಗಿಸಿ ಬೆನ್ನಿನ ಚಿತ್ರ ತೆಗೆಸಬೇಕಿತ್ತು. ಮೈಮೇಲಿನ ಲೋಹವನ್ನೆಲ್ಲ ಬಿಚ್ಚಿಡಬೇಕು ಎಂದದ್ದೇ ತಡ, ಮಾಸ್ತರರು ಕೆರಳಿದರು. ಉಸಿರಿರುವತನಕ ಇಷ್ಟಲಿಂಗ ಮೈ ಬಿಟ್ಟು ಅಗಲುವಂತಿಲ್ಲ! ಕೊನೆಗೆ ಲಿಂಗವಿಟ್ಟ ಬೆಳ್ಳಿಯ ಕರಡಿಗೆ ಮಾತ್ರ ತೆಗೆದು, ಲಿಂಗವನ್ನು ಅರಿವೆಯಲ್ಲಿ ಸುತ್ತಿ ಕಟ್ಟಿಕೊಳ್ಳಲಿ, ಅಲ್ಲಿಯವರಿಗೂ ಹಾಗೆಂದೇ ಬರೆಯುತ್ತೇನೆ ಎಂದು ಡಾಕ್ಟರು ಕೈಮುಗಿದರು. ಮಾಸ್ತರರ ಎದೆ ಉಬ್ಬಿತು.

ಆಗ ಡಾಕ್ಟರು ಫಾರ್ಮಿನ ಮೇಲೆ ಪೆನ್ನಿಟ್ಟು, ಮೈಯೊಳಗೆ ಏನಾದರೂ ಯಂತ್ರ ಕೂಡಿಸಿದ್ದಾರೆಯೇ ಎಂದು ಕೇಳಿದರು.

ಕೂಡಿಸಿದ್ದರು. ಹಿಂದಿನ ವರ್ಷ ಮುಂಬೈಯಲ್ಲಿ, ಹೊಟ್ಟೆಯ ಚರ್ಮದಡಿ. ಕ್ಯಾನ್ಸರಿನ ನೋವಿಗೆ ಬೆನ್ನುಹುರಿಯೊಳಗೆ ಹನಿಹನಿಯಾಗಿ ಔಷಧ ಬಿಡುವ ಪರದೇಶದ ಪಂಪು. ಊರಲ್ಲಿ ಹರಳಿನ ಆಪರೇಷನ್ ಎಂದು ಹೇಳಿ ಮುಚ್ಚಿಹಾಕಿದ್ದರು. ಈಗ ಪಕ್ಕದಲ್ಲೇ ಮಾಸ್ತರರ ತಮ್ಮ ಶಂಕ್ರಪ್ಪ ಕೂತಿದ್ದ. ಮಗಳಿಗೆ ಬಾದಾಮಿಯ ಸಂಬಂಧ ತಂದವನು ಅವನೇ. ತಾಯಿಗೆ ಆ ರೋಗವೆಂದು ಬೀಗರ ಕಿವಿಗೆ ಬಿದ್ದರೆ ಮದುವೆ ಮುರಿದಂತೆಯೇ.

“ಏನೂ ಇಲ್ರಿ,” ಎಂದರು ಮಾಸ್ತರರು. ಶಿವಲಿಂಗವ್ವ ಸೆರಗು ಎಳೆದುಕೊಂಡು ನೆಲ ನೋಡಿದಳು.

ಮೂವತ್ತು ವರ್ಷ ಹುನಗುಂದದ ಶಾಲೆಯಲ್ಲಿ ಸುಳ್ಳಾಡಿದ ಮಕ್ಕಳ ಕಿವಿ ಹಿಂಡಿದ ಮನುಷ್ಯ! ಬಸ್ ಸ್ಟ್ಯಾಂಡಿನಲ್ಲಿ ಹೆಂಡತಿ, ತಮ್ಮನ ಜೊತೆ ಬಸ್ಸಿಗೆ ಕಾಯುತ್ತ ಚಹಾದ ಲೋಟವನ್ನು ಹಾಗೇ ಕೆಳಗಿಟ್ಟರು. ಆಯಸ್ಕಾಂತದೆದುರು ಪಂಪು ಕೆಟ್ಟು ಔಷಧವೆಲ್ಲ ಒಮ್ಮೆಲೇ ಸುರಿದರೆ? ಲಿಂಗಕ್ಕಾಗಿ ಅಷ್ಟು ಹಟ ಹಿಡಿದ ತಾವು, ಅದನ್ನು ಕಟ್ಟಿಕೊಂಡವಳ ಜೀವಕ್ಕಾಗಿ ಒಂದು ಮಾತು ಆಡಿರಲಿಲ್ಲ. ಮಾಸ್ತರರು ನಾಚಿಕೆಯಿಂದ ಹಿಡಿಯಷ್ಟಾದರು. ಈಗ ಬಂದೆ ಎಂದಷ್ಟೇ ಹೇಳಿ ಒಬ್ಬರೇ ದವಾಖಾನೆಗೆ ಓಡಿದರು.

ಎಲ್ಲ ಒಪ್ಪಿಕೊಂಡರೂ ಡಾಕ್ಟರು ಬೈಯಲಿಲ್ಲ. ಶಿವಲಿಂಗವ್ವ ಕನ್ನಡಕ ಮರೆತೆನೆಂಬ ನೆವದಿಂದ ಮತ್ತೆ ಒಳಗೆ ಬಂದು ಆಗಲೇ ಹೇಳಿ ಹೋಗಿದ್ದಳಂತೆ. ಪಂಪು ಕೂಡಿಸಿದವರನ್ನು ಕೇಳುವತನಕ ಆ ಯಂತ್ರದ ಹತ್ತಿರವೂ ಹೋಗಬಾರದು ಎಂದು ಡಾಕ್ಟರು ಫಾರ್ಮನ್ನೇ ತೆಗೆದಿಟ್ಟಿದ್ದರು.

“ನಿಮಗ ತಿಳಿಸಬ್ಯಾಡ್ರಿ ಅಂದಿದ್ರು,” ಎಂದರು ಡಾಕ್ಟರು. “ನಮ್ಮ ಯಜಮಾನ್ರು ತಲಿ ತಗ್ಗಿಸೋದು ನನಗ ನೋಡಾಕ ಆಗಂಗಿಲ್ಲ ಅಂದ್ರು.”

ಮಾಸ್ತರರು ಮರಳಿದಾಗ ಶಿವಲಿಂಗವ್ವ ಬೆಂಚಿನ ಮೇಲೆ ಸರಿದು ಜಾಗ ಕೊಟ್ಟಳು. ಅವರು ಕೂರದೆ ತಮ್ಮನ ಎದುರು ನಿಂತರು.

“ಶಂಕ್ರಪ್ಪ, ನಿಮ್ಮ ವೈನಿಗೆ ಆಗಿದ್ದು ಹರಳಲ್ಲ, ಕ್ಯಾನ್ಸರ. ಸುಳ್ಳು ಹೇಳಿದಾಂವ ನಾ. ಬೀಗರಿಗೂ ನಾನೇ ಹೇಳ್ತೇನಿ.”

ಅಷ್ಟು ಹೇಳಿದ ಮೇಲೂ ಹೆಂಡತಿಯ ಮುಖ ನೋಡುವ ಧೈರ್ಯ ಅವರಿಗೆ ಬರಲಿಲ್ಲ.