ಕಟ್ ಆದ ಮೇಲಿನ ಮುಖ

ಪೋಸ್ಟರ್ ಮಾಡುವವರ ಪಾಡು ಯಾರಿಗೂ ಬೇಡ. ಸಿನಿಮಾ ಮಾಡಿದವರೆಲ್ಲ ಕೈ ಕೊಡವಿ ಎದ್ದ ಮೇಲೆ ಅವರ ಕೆಲಸ ಶುರುವಾಗುತ್ತದೆ. ಸಿನಿಮಾವನ್ನೇ ನೋಡದವರು ಕೂಡ ಪೋಸ್ಟರಿನಲ್ಲಿ ಹುಳುಕು ಹುಡುಕುತ್ತಾರೆ. ಅಕ್ಷರ ದೊಡ್ಡದಾಯಿತು, ಬಣ್ಣ ಮಂಕಾಯಿತು, ನನ್ನ ಹೆಸರೆಲ್ಲಿ? ಇಷ್ಟೆಲ್ಲ ಗೊತ್ತಿದ್ದೂ ಗುಂಡಿ ಆ ಕೆಲಸವನ್ನು ತಾನಾಗಿಯೇ ಮೈಮೇಲೆ ಎಳೆದುಕೊಂಡಿದ್ದಳು.

ಗುಂಡಿ ಎಂದರೆ ಹಳ್ಳವಲ್ಲ, ಅಂಗಿಯ ಗುಂಡಿ. ಅಂಬೆಗಾಲಿಡುವ ವಯಸ್ಸಿನಲ್ಲಿ ಚಿಕ್ಕಮ್ಮನ ಹೊಲಿಗೆ ಅಂಗಡಿಯ ನೆಲದ ಮೇಲೆ ಬಿದ್ದಿದ್ದ ಗುಂಡಿಯೊಂದನ್ನು ನುಂಗಿ ಮನೆಮಂದಿಯನ್ನೆಲ್ಲ ಹೈರಾಣು ಮಾಡಿದ್ದಳು. ಗುಂಡಿ ತನ್ನ ದಾರಿ ತಾನು ನೋಡಿಕೊಂಡಿತು, ಹೆಸರು ಮಾತ್ರ ಉಳಿಯಿತು. ಈಗ ಅವಳು ಕಾಲೇಜಿನ ಸಿನಿಮಾ ವಿಭಾಗದಲ್ಲಿ ಕೊನೆಯ ವರ್ಷದಲ್ಲಿದ್ದಳು. ಅಲ್ಲಿಗೂ ಆ ಹೆಸರು ಹೇಗೋ ಬೆನ್ನು ಹತ್ತಿ ಬಂದಿತ್ತು.

ಅವಳ ತಂಡದ ಕಿರುಚಿತ್ರದ ಹೆಸರು ‘ಒಯ್ಯದ ಅಂಗಿ’. ಟೈಲರ್ ಹೆಂಗಸೊಬ್ಬಳು ಯಾರಿಗೋ ಅಂಗಿ ಹೊಲಿದಿಡುತ್ತಾಳೆ. ಅವನು ಬರುವುದಿಲ್ಲ. ಮೊಳೆಗೆ ತೂಗುಹಾಕಿದ ಅಂಗಿಯನ್ನು ತೆಗೆಯಲೂ ಮನಸ್ಸಾಗದೆ ಅವಳು ದಿನ ದೂಡುತ್ತಾಳೆ. ಕತೆ ಇಷ್ಟೇ. ನಿರ್ದೇಶಕ ಗುಂಡಿಯ ಸಹಪಾಠಿ. ಪ್ರತಿ ಶಾಟ್ ಆದ ಮೇಲೂ “ಇನ್ನೊಂದ್ಸಲ” ಎನ್ನದಿದ್ದರೆ ಅವನಿಗೆ ತಿಂದದ್ದು ಅರಗುತ್ತಿರಲಿಲ್ಲ. ಹಾಗಾಗಿ ಎಲ್ಲರ ಬಾಯಲ್ಲೂ ಅವನು ಒನ್ಸ್‌ಮೋರ್. ಶೂಟಿಂಗ್ ನಡೆದದ್ದು ಚಿಕ್ಕಮ್ಮನ ಅಂಗಡಿಯಲ್ಲೇ. ಪಾತ್ರಕ್ಕೆಂದು ಕರೆತಂದ ನಟಿ ಹೊಲಿಗೆ ಮಿಷನ್ ತುಳಿಯಲು ಬಾರದೆ ದಾರವನ್ನೆಲ್ಲ ಸಿಕ್ಕು ಮಾಡಿದಾಗ, ಪಕ್ಕದಲ್ಲಿ ನಿಂತು ತುಟಿ ಕಚ್ಚಿ ನಗು ತಡೆಯುತ್ತಿದ್ದ ಚಿಕ್ಕಮ್ಮನನ್ನೇ ಒನ್ಸ್‌ಮೋರ್ ಕೂರಿಸಿಬಿಟ್ಟ.

ಶೂಟಿಂಗಿನ ಹೊತ್ತಿಗೆ ಗುಂಡಿ ಅಲ್ಲಿರಲಿಲ್ಲ, ಆಸ್ಪತ್ರೆಯಲ್ಲಿ ಅಮ್ಮನ ಮಂಚದ ಪಕ್ಕ ಇದ್ದಳು. ಶೂಟಿಂಗಿನ ಕೊನೆಯ ದಿನ ಅಮ್ಮ ತೀರಿಕೊಂಡಳು. ಚಿಕ್ಕಮ್ಮ ಅಮ್ಮನ ಒಡಹುಟ್ಟಿದ ತಂಗಿ. ಶೂಟಿಂಗಿನಲ್ಲಿ ಎಲ್ಲರ ಫೋನುಗಳನ್ನೂ ಆಫ್ ಮಾಡಿಸಿದ್ದರಿಂದ ಅಪ್ಪನೇ ಅಂಗಡಿಗೆ ಹೋಗಿ ಸುದ್ದಿ ಮುಟ್ಟಿಸಬೇಕಾಯಿತು. ಆಮೇಲೊಂದು ದಿನ ಯಾವುದೋ ಮಾತಿನ ನಡುವೆ ಅಪ್ಪ, “ನಾನು ಬಾಗಿಲಲ್ಲೇ ನಿಂತಿದ್ದೆ. ನನ್ನ ನೋಡಿದ್ಲು. ಆದ್ರೂ ಅವರ ಕೆಲಸ ಮುಗಿಯೋವರೆಗೂ ಏಳಲಿಲ್ಲ” ಅಂದಿದ್ದ.

ಅಪ್ಪ ಅದನ್ನು ದೂರಿನ ಹಾಗೆ ಹೇಳಿರಲಿಲ್ಲ. ಗುಂಡಿ ಮಾತ್ರ ಆ ಮಾತನ್ನು ಮುಳ್ಳಿನ ಹಾಗೆ ಒಳಗೇ ಇಟ್ಟುಕೊಂಡಳು. ಆ ದಿನ ಆಸ್ಪತ್ರೆಗೆ ಬಂದ ಚಿಕ್ಕಮ್ಮ ಅಳಲಿಲ್ಲ. ಅಮ್ಮನ ತಲೆ ಬಾಚಿದಳು, ಬಟ್ಟೆ ಸರಿಮಾಡಿದಳು, ಡಾಕ್ಟರ ಹತ್ತಿರ ಮಾತಾಡಿದಳು, ಬಂದವರಿಗೆ ಕುರ್ಚಿ ಹುಡುಕಿ ತಂದು ಹಾಕಿದಳು. ಕಣ್ಣಲ್ಲಿ ಒಂದು ಹನಿ ಇಲ್ಲ. ಅಂದಿನಿಂದ ಗುಂಡಿ ಆ ಅಂಗಡಿಯ ಮೆಟ್ಟಿಲು ತುಳಿದಿರಲಿಲ್ಲ. ಚಿಕ್ಕಮ್ಮ ಫೋನ್ ಮಾಡಿದರೆ ‘ಹೂಂ’, ‘ಉಹೂಂ’ಗಳಲ್ಲೇ ಮುಗಿಸುತ್ತಿದ್ದಳು. ಅಮ್ಮನ ಕಡೆಯಿಂದ ತನ್ನವರು ಅಂತ ಅವಳಿಗೆ ಉಳಿದಿದ್ದವಳು ಚಿಕ್ಕಮ್ಮ ಒಬ್ಬಳೇ. ಆ ಒಬ್ಬಳನ್ನೂ ಅವಳು ಕೈಯಾರೆ ಕಳೆದುಕೊಳ್ಳುತ್ತಿದ್ದಳು. ಅದು ಅವಳಿಗೂ ಗೊತ್ತಿತ್ತು, ಆದರೂ ಮನಸ್ಸು ಬಗ್ಗುತ್ತಿರಲಿಲ್ಲ.

ಕಾಲೇಜುಗಳ ಕಿರುಚಿತ್ರೋತ್ಸವಕ್ಕೆ ಸಿನಿಮಾ ಆಯ್ಕೆಯಾಯಿತು. ಗೋಡೆಗೆ ಪೋಸ್ಟರ್, ಕೈಗೆ ಕೊಡಲು ಚಿಕ್ಕ ಕಾರ್ಡು, ಫೋನಿನಲ್ಲಿ ಹಂಚಲು ಒಂದು ಚಿತ್ರ, ಎಲ್ಲ ಬೇಕಿತ್ತು. ಶೂಟಿಂಗಿಗೆ ಬರಲಾಗಲಿಲ್ಲ ಎಂಬ ಅಳುಕಿಗೆ ಗುಂಡಿ ಪ್ರಚಾರದ ಕೆಲಸ ಒಪ್ಪಿಕೊಂಡಳು. ಲ್ಯಾಬಿನಲ್ಲಿ ಕೂತು ಶಾಟ್‌ಗಳನ್ನೆಲ್ಲ ಜಾಲಾಡಿದಳು. ಒಂದರಲ್ಲಿ ಮುಖದ ಮೇಲೆ ನೆರಳು, ಇನ್ನೊಂದರಲ್ಲಿ ಶೀರ್ಷಿಕೆಗೆ ಜಾಗವಿಲ್ಲ, ಮತ್ತೊಂದರಲ್ಲಿ ಚಿಕ್ಕಮ್ಮ ಕ್ಯಾಮೆರಾವನ್ನೇ ಕದ್ದು ನೋಡುತ್ತಿದ್ದಾಳೆ.

“ಶಾಟ್‌ಗಳನ್ನ ಬಿಡು,” ಅಂದ ಒನ್ಸ್‌ಮೋರ್. “ಕೊನೇ ದಿನದ ರೂಮ್ ಟೋನ್ ನೋಡು. ಕ್ಯಾಮೆರಾ ಆಫ್ ಮಾಡೋದು ಮರ್ತಿದ್ವಿ. ಅಲ್ಲೊಂದು ಮುಖ ಇದೆ. ನೋಡಿ ಆಮೇಲೆ ಮಾತಾಡು.”

ರೂಮ್ ಟೋನ್ ಎಂದರೆ ಯಾರೂ ಮಾತಾಡದ ಕೋಣೆಯ ಸದ್ದು. ಒಂದೊಂದು ಕೋಣೆಯ ಮೌನ ಒಂದೊಂದು ಥರ ಇರುತ್ತದೆ. ಎಡಿಟಿಂಗ್ ಮಾಡುವಾಗ ಮಾತುಗಳ ನಡುವೆ ತುಂಬಲು ಅದೇ ಬೇಕು. ಅದಕ್ಕಾಗಿ ಕಟ್ ಹೇಳಿದ ಮೇಲೆ ಎಲ್ಲರೂ ಇದ್ದಲ್ಲೇ, ಇದ್ದ ಹಾಗೇ, ಮಿಸುಕದೆ ಇರಬೇಕು. ಸೌಂಡ್ ನೋಡಿಕೊಳ್ಳುವ ಹುಡುಗಿ “ಸಾಕು” ಅನ್ನುವವರೆಗೆ ಯಾರೂ ಕಾಲು ಸರಿಸುವ ಹಾಗಿಲ್ಲ. ಯಾರಾದರೂ ಕೆಮ್ಮಿದರೆ ಮತ್ತೆ ಮೊದಲಿಂದ.

ಗುಂಡಿ ನೋಡಿದಳು. ಮಿಷನ್ ಮುಂದೆ ಚಿಕ್ಕಮ್ಮ. ಸೂಜಿ ಹಿಡಿದ ಕೈ ಬಟ್ಟೆಯ ಮೇಲೆ ಅರ್ಧಕ್ಕೇ ನಿಂತಿದೆ. ಕಣ್ಣು ಎಲ್ಲೋ ದೂರ ನೋಡುತ್ತಿದೆ. ಮುಖದಲ್ಲಿ ಅಳುವೂ ಇಲ್ಲ, ಮಾತೂ ಇಲ್ಲ. ಆದರೂ ನೋಡುವವರ ಕರುಳು ಹಿಂಡುವ ಹಾಗಿತ್ತು. ಗುಂಡಿಗೆ ಮೊದಲು ಬಂದದ್ದು ಸಿಟ್ಟು. ಯಾವನೋ ಒಯ್ಯದೆ ಹೋದ ಅಂಗಿಗೆ ಈ ಮುಖ! ನನ್ನಮ್ಮನಿಗೆ ಏನೂ ಇಲ್ಲ!

ಆದರೆ ಕೆಲಸ ಕಲಿತ ಕಣ್ಣು ಸಿಟ್ಟಿನ ಮಾತು ಕೇಳುವುದಿಲ್ಲ. ಪೋಸ್ಟರಿಗೆ ಬೇಕಾದದ್ದು ಅದೇ ಮುಖ, ಸಂಶಯವೇ ಇರಲಿಲ್ಲ. ಅದನ್ನು ಎಡಕ್ಕೆ ತಂದಳು, ಬಲಕ್ಕೆ ಕತ್ತಲೆ ಬಿಟ್ಟಳು, ಕತ್ತಲೆಯಲ್ಲಿ ಶೀರ್ಷಿಕೆ ಇಟ್ಟಳು. ಕೆಳಗೆ ಚಿಕ್ಕಮ್ಮನ ಹೆಸರು ಹಾಕಿ, ಅದರ ಮೇಲೆ ಬೇಕೆಂದೇ ದಪ್ಪ ಅಕ್ಷರದಲ್ಲಿ ‘ಮನ ಕಲಕುವ ಅಭಿನಯ’ ಎಂದು ಬರೆದಳು. ಉಳಿದವರಿಗೆ ಅದು ಹೊಗಳಿಕೆಯಾಗಿ ಕಂಡಿತು. ಅವಳು ಬರೆದದ್ದು ಚುಚ್ಚುವುದಕ್ಕೆ.

ಯಾರ ಮುಖವನ್ನು ಗೋಡೆಗೆ ಅಂಟಿಸುತ್ತೀರೋ ಅವರಿಗೆ ಮೊದಲು ತೋರಿಸಬೇಕು ಎನ್ನುವುದು ವಿಭಾಗದ ನಿಯಮ. “ನಿಮ್ಮ ಚಿಕ್ಕಮ್ಮ ತಾನೇ, ನೀನೇ ಹೋಗಿ ಬಾ” ಎಂದು ಒನ್ಸ್‌ಮೋರ್ ಜಾರಿಕೊಂಡ.

ಅಂಗಡಿ ಹೇಗಿತ್ತೋ ಹಾಗೇ ಇತ್ತು. ಕಿಟಕಿಯ ಪಕ್ಕ ಮಿಷನ್, ಗೋಡೆಯಲ್ಲಿ ಟೇಪು, ಮೂಲೆಯಲ್ಲಿ ತುಂಡು ಬಟ್ಟೆಯ ರಾಶಿ. ಸಿನಿಮಾದ ನೀಲಿ ಅಂಗಿ ಇನ್ನೂ ಮೊಳೆಯಲ್ಲೇ ನೇತಾಡುತ್ತಿತ್ತು.

“ಏನೇ ಗುಂಡಿ, ದಾರಿ ತಪ್ಪಿ ಬಂದ್ಯಾ?” ಚಿಕ್ಕಮ್ಮನ ಮುಖ ಅರಳಿತು. ಗುಂಡಿ ನಗದೆ ನಿಂತದ್ದನ್ನು ಕಂಡು ಹಾಗೇ ಬಾಡಿತು.

“ಪೋಸ್ಟರ್ ತೋರಿಸ್ಬೇಕಿತ್ತು.”

ಕಟಿಂಗ್ ಟೇಬಲ್ಲಿನ ಮೇಲೆ ಸುರುಳಿ ಬಿಚ್ಚಿದಳು. ಅದು ಮತ್ತೆ ಮತ್ತೆ ಸುತ್ತಿಕೊಳ್ಳುತ್ತಿತ್ತು. ಚಿಕ್ಕಮ್ಮ ಒಂದು ತುದಿಗೆ ಕತ್ತರಿ, ಇನ್ನೊಂದು ತುದಿಗೆ ಇಸ್ತ್ರಿಪೆಟ್ಟಿಗೆ ಇಟ್ಟು ಬಗ್ಗಿ ನೋಡಿದಳು.

“ಚೆನ್ನಾಗಿ ಮಾಡಿದೀಯ,” ಅಂದಳು. “ಮುಖ ಬೇಕಿದ್ರೆ ಇರ್ಲಿ. ಈ ಮಾತೊಂದು ತೆಗ್ದುಬಿಡು.” ಅವಳ ಬೆರಳು ‘ಅಭಿನಯ’ದ ಮೇಲಿತ್ತು.

“ಯಾಕೆ? ಎಲ್ರೂ ಬಾಯ್ತುಂಬ ಹೊಗಳ್ತಿದಾರೆ.” ತನ್ನ ದನಿಯ ಮೊನೆ ಗುಂಡಿಗೇ ಕೇಳಿಸಿತು. ಆದರೂ ನಿಲ್ಲಿಸಲಾಗಲಿಲ್ಲ. “ಒಂದು ಅಂಗಿಗೋಸ್ಕರ ಇಷ್ಟು ದುಃಖ ಬಂತು ನಿಂಗೆ. ಅಮ್ಮನಿಗೋಸ್ಕರ ಒಂದು ಹನಿ ಬರ್ಲಿಲ್ಲ.”

ಚಿಕ್ಕಮ್ಮ ಸ್ಟೂಲು ಎಳೆದುಕೊಂಡು ಕೂತಳು.

“ಇದರಲ್ಲಿ ನಾನು ಎಲ್ಲಿ ನೋಡ್ತಿದೀನಿ ಹೇಳು.”

ಗುಂಡಿ ಪೋಸ್ಟರ್ ನೋಡಿದಳು, ಅಂಗಡಿ ನೋಡಿದಳು. ಮಿಷನ್ ಕಡೆಗಲ್ಲ. ಅಂಗಿಯ ಕಡೆಗೂ ಅಲ್ಲ. ಆ ನೋಟ ಹೋಗಿ ನಿಲ್ಲುವುದು ಬಾಗಿಲಿಗೆ.

“ಅಲ್ಲಿ ನಿಮ್ಮಪ್ಪ ನಿಂತಿದ್ರು,” ಅಂದಳು ಚಿಕ್ಕಮ್ಮ. “ಸೌಂಡ್ ಹುಡುಗಿ ತುಟಿ ಮೇಲೆ ಬೆರಳಿಟ್ಟು ತೋರಿಸಿದ್ಲು, ಪಾಪ, ಅವಳಿಗೇನು ಗೊತ್ತು. ಭಾವ ಸುಮ್ನೆ ನಿಂತ್ರು. ಅವರ ಕೈಲಿ ಅಕ್ಕನ ಕೈಚೀಲ ಇತ್ತು. ಅಕ್ಕ ಆ ಚೀಲ ಯಾರ ಕೈಗಾದ್ರೂ ಕೊಡೋಳಾ ಹೇಳು? ಬೆಳಿಗ್ಗೆ ನೋಡೋಕೆ ಹೋದಾಗ್ಲೂ ದಿಂಬಿನ ಕೆಳಗೇ ಇತ್ತು. ಮಕ್ಕಳ ಕೆಲಸ ಕೆಡಿಸ್ಬೇಡ, ಹೋಗು ಅಂತ ನನ್ನ ಅಟ್ಟಿದ್ದೇ ಅವಳು.”

ಗುಂಡಿಗೆ ಚೀಲ ನೆನಪಾಯಿತು. ಏನು ಮಾಡಬೇಕೆಂದು ತೋಚದೆ ಅಪ್ಪ ಬರಿಗೈಯಲ್ಲಿ ನಿಂತಿದ್ದಾಗ, ಅದನ್ನು ಅವನ ಕೈಗೆ ಕೊಟ್ಟವಳು ಅವಳೇ.

“ಹಾಗಾದ್ರೆ ಯಾಕೆ ಏಳಲಿಲ್ಲ?”

“ಬೆಳಿಗ್ಗೆಯಿಂದ ಅದೇ ಪಾಠ ಹೇಳ್ಕೊಟ್ಟಿದ್ರಲ್ಲ ನಂಗೆ. ಸಾಕು ಅನ್ನೋವರೆಗೂ ಯಾರೂ ಅಲ್ಲಾಡ್ಬಾರ್ದು, ಯಾರೂ ಮಾತಾಡ್ಬಾರ್ದು. ನಾನು ಎದ್ರೆ ಭಾವ ಬಾಯಿ ಬಿಡ್ತಾರೆ. ಬಾಯಿ ಬಿಟ್ರೆ ಆಗ್ಹೋಯ್ತು. ಯಾರೂ ಏನೂ ಹೇಳ್ದೇ ಇರೋವರೆಗೂ ಅಕ್ಕ ಇದಾಳೆ ಅಂತ ತಾನೇ?” ಚಿಕ್ಕಮ್ಮ ಮಡಿಲ ಮೇಲಿದ್ದ ದಾರದ ತುಂಡನ್ನು ಬೆರಳಿಗೆ ಸುತ್ತಿದಳು. “ಆ ಹುಡುಗಿ ಸಾಕು ಅನ್ನೋದೇ ಬೇಡ ಅಂತ ಕೂತಿದ್ದೆ ಕಣೆ.”

ಹೊರಗೆ ಯಾರೋ ಸೈಕಲ್ ಬೆಲ್ ಹೊಡೆದುಕೊಂಡು ಹೋದರು.

“ಆಮೇಲೆ ಅಳ್ಬೇಕಿತ್ತು, ನೀನು ಹೇಳೋದು ಸರಿ. ಆಸ್ಪತ್ರೆಗೆ ಬಂದ್ರೆ ನೀನು ಬೆಂಚಿನ ಮೇಲೆ ಚಪ್ಪಲಿ ಅದಲುಬದಲು ಹಾಕ್ಕೊಂಡು ಕೂತಿದ್ದೆ. ನಾನು ಅಳ್ತಾ ಕೂತ್ರೆ ಇವಳನ್ನ ಯಾರು ನೋಡ್ಕೊಳ್ಳೋದು ಅನ್ನಿಸ್ತು. ಒಂದ್ಸಲ ತಡೆದಿದ್ದು, ಆಮೇಲೆ ಬರ್ಲೇ ಇಲ್ಲ.”

ಗುಂಡಿಗೆ ನೆಲ ಬಾಯಿಬಿಟ್ಟು ನುಂಗಬಾರದೇ ಅನ್ನಿಸಿತು. ಇಷ್ಟು ದಿನ ಚಿಕ್ಕಮ್ಮನ ಮೇಲೆ ಕಟ್ಟಿಕೊಂಡಿದ್ದ ಸಿಟ್ಟೆಲ್ಲ ಒಂದೇ ಏಟಿಗೆ ನಾಚಿಕೆಯಾಗಿ, ಆಮೇಲೆ ಅಳುವಾಗಿ ಬಂತು. ಟೇಬಲ್ಲಿಗೆ ಹಣೆ ಹಚ್ಚಿ ಬಿಕ್ಕಿ ಬಿಕ್ಕಿ ಅತ್ತಳು.

“ಪೋಸ್ಟರ್ ಮೇಲೆ ಅಳ್ಬೇಡ್ವೇ, ಬಣ್ಣ ಹೋಗುತ್ತೆ,” ಅಂದಳು ಚಿಕ್ಕಮ್ಮ, ಅವಳ ತಲೆ ನೇವರಿಸುತ್ತ. ಅವಳ ಕಣ್ಣು ಆಗಲೂ ಒಣಗಿಯೇ ಇತ್ತು.

ಮಾರನೆಯ ದಿನ ಗುಂಡಿ ಲ್ಯಾಬಿನಲ್ಲಿ, “ಈ ಮುಖ ಹಾಕಲ್ಲ” ಅಂದಳು.

“ತಲೆ ಕೆಟ್ಟಿದ್ಯಾ? ಇರೋದೇ ಅದೊಂದು! ಅವರು ಬೇಡ ಅಂದ್ರಾ?”

“ಅವಳು ಇರ್ಲಿ ಅಂದ್ಲು. ನಾನು ಹಾಕಲ್ಲ.” ಎಲ್ಲ ಹೇಳಿದಳು. ಸುದ್ದಿ ಬಂದದ್ದು ಶೂಟಿಂಗ್ ಮುಗಿದ ಮೇಲೆ ಎಂದೇ ಒನ್ಸ್‌ಮೋರ್ ಅಂದುಕೊಂಡಿದ್ದ. ಕೇಳುತ್ತ ಕೇಳುತ್ತ ಅವನ ಮುಖ ಇಳಿದುಹೋಯಿತು.

“ನಾನು ಆ ಫ್ರೇಮಿಗೆ ‘ಸೂಪರ್’ ಅಂತ ಹೆಸರಿಟ್ಟು ಸೇವ್ ಮಾಡಿದೀನಿ,” ಅಂದ ಮೆಲ್ಲಗೆ. ಎದ್ದು ಹೋಗಿ ಆ ಹೆಸರು ಅಳಿಸಿದ. ಚಿತ್ರವನ್ನು ಅಳಿಸಲು ಗುಂಡಿ ಬಿಡಲಿಲ್ಲ; ತನಗೆ ಕೊಡು ಅಂದಳು.

ಹೊಸ ಪೋಸ್ಟರಿನಲ್ಲಿ ಯಾರೂ ಇಲ್ಲ. ಖಾಲಿ ಸ್ಟೂಲು, ಮೊಳೆಯಲ್ಲಿ ನೀಲಿ ಅಂಗಿ, ಕಿಟಕಿಯಿಂದ ಬಿದ್ದ ಬೆಳಕು. ಆ ಬೆಳಕು ಗೋಡೆಯ ಮೂಲೆಗೂ ಮುಟ್ಟಲಿ ಎಂದು ಚಿಕ್ಕಮ್ಮ ಬಿಳಿ ಲೈನಿಂಗ್ ಬಟ್ಟೆಯನ್ನು ಎರಡೂ ಕೈಯಲ್ಲಿ ಎತ್ತಿ ಹಿಡಿದು ನಿಂತಿದ್ದಳು, ಕೈ ನೋಯುತ್ತದೆ ಎಂದು ಗೊಣಗುತ್ತ. ಶೀರ್ಷಿಕೆಯನ್ನೂ ಗುಂಡಿ ಅವಳ ಕೈಯಿಂದಲೇ ಬರೆಸಿದಳು, ಕಪ್ಪು ಬಟ್ಟೆಯ ಮೇಲೆ, ಅಳತೆ ಗುರುತು ಹಾಕುವ ಚಾಕ್‌ನಲ್ಲಿ. ಅಕ್ಷರ ಸೊಟ್ಟಗಾಯಿತೆಂದು ಚಿಕ್ಕಮ್ಮ ಒರೆಸಿ ಒರೆಸಿ ಬರೆದಳು. ಆ ಒರೆಸಿದ ಕಲೆಗಳನ್ನು ಗುಂಡಿ ಹಾಗೇ ಉಳಿಸಿಕೊಂಡಳು. ಪೋಸ್ಟರ್ ನೋಡಿದವರು, ಇದರಲ್ಲಿ ಸೆಳೆಯುವಂಥದ್ದು ಏನಿದೆ ಅಂದರು. ಅವಳು ವಾದಕ್ಕೆ ಹೋಗಲಿಲ್ಲ.

ಪ್ರದರ್ಶನದ ದಿನ ಸಭಾಂಗಣ ಅರ್ಧ ಮಾತ್ರ ತುಂಬಿತ್ತು. ಚಿಕ್ಕಮ್ಮ ಇಸ್ತ್ರಿ ಮಾಡಿದ ಸೀರೆಯುಟ್ಟು ಗುಂಡಿಯ ಪಕ್ಕದಲ್ಲಿ ಕೂತಳು. ತೆರೆಯ ಮೇಲೆ ತನ್ನನ್ನು ತಾನು ನೋಡಲು ನಾಚಿ, ಅರ್ಧ ಸಿನಿಮಾ ಸೆರಗಿನ ಮರೆಯಿಂದಲೇ ನೋಡಿದಳು. ಕತೆ ಮುಗಿಯಿತು. ತೆರೆ ಕಪ್ಪಾಯಿತು, ಹೆಸರುಗಳು ಒಂದೊಂದೇ ಮೇಲೇರತೊಡಗಿದವು. ಸಂಗೀತ ಇರಲಿಲ್ಲ. ಅದರ ಜಾಗದಲ್ಲಿ ಬರಿಯ ಒಂದು ಕೋಣೆಯ ಸದ್ದು. ಫ್ಯಾನಿನ ತೆಳು ಗುಂಯ್, ಬೀದಿಯಲ್ಲಿ ದೂರದ ಒಂದು ಹಾರ್ನ್.

“ನಮ್ಮಂಗಡಿ,” ಎಂದು ಚಿಕ್ಕಮ್ಮ ಪಿಸುಗುಟ್ಟಿದಳು. ಆಮೇಲೆ ಅವಳ ಕೈ ಗುಂಡಿಯ ಕೈ ಮೇಲೆ ಹಾಗೇ ನಿಂತಿತು.

ಗುಂಡಿಗೂ ಗೊತ್ತಾಯಿತು. ಅದು ಕೊನೆಯ ದಿನದ ರೂಮ್ ಟೋನ್. ಆ ಸದ್ದಿನೊಳಗೆ ಅಪ್ಪ ಬಾಗಿಲಲ್ಲಿ ಚೀಲ ಹಿಡಿದು ನಿಂತಿದ್ದಾನೆ. ಯಾರೂ ಇನ್ನೂ ಏನೂ ಹೇಳಿಲ್ಲ. ಅಮ್ಮ ಇದ್ದಾಳೆ. ಇಬ್ಬರೂ ಉಸಿರು ಬಿಗಿಹಿಡಿದು ಕೂತರು.

ಹೆಸರುಗಳು ಮುಗಿದವು. ಸದ್ದು ನಿಂತಿತು. ಆ ಹುಡುಗಿಯ “ಸಾಕು” ಎಡಿಟಿಂಗಿನಲ್ಲಿ ಕತ್ತರಿಸಿಹೋಗಿತ್ತು. ದೀಪ ಹತ್ತಿತು, ಚಪ್ಪಾಳೆ ಬಿತ್ತು, ಜನ ಎದ್ದರು. ಅವರ ಸಾಲಿನಲ್ಲಿ ದಾರಿ ಸಿಗದವರು ಇನ್ನೊಂದು ತುದಿಯಿಂದ ಸುತ್ತಿ ಹೋದರು. ಚಿಕ್ಕಮ್ಮ ಮಾತ್ರ ಕಪ್ಪು ತೆರೆಯನ್ನೇ ನೋಡುತ್ತ ಮಿಸುಕದೆ ಕೂತಿದ್ದಳು, ಆ ಫ್ರೇಮಿನಲ್ಲಿ ಇದ್ದ ಹಾಗೇ.

ಸಭಾಂಗಣ ಖಾಲಿಯಾಗುವವರೆಗೂ ಗುಂಡಿ ಕಾದಳು. ಆಮೇಲೆ ಆ ತಣ್ಣಗಾದ ಕೈಯನ್ನು ತನ್ನ ಎರಡೂ ಕೈಯಲ್ಲಿ ಹಿಡಿದುಕೊಂಡು ಹೇಳಿದಳು.

“ಸಾಕು ಚಿಕ್ಕಮ್ಮಾ.”

ಚಿಕ್ಕಮ್ಮ ಅವಳ ಕಡೆ ತಿರುಗಿದಳು, ಬಾಯಿ ತೆರೆದಳು, “ಅಕ್ಕಾ” ಅಂದಳು. ಮತ್ತೆ ಗುಂಡಿಯ ಭುಜಕ್ಕೆ ಮುಖ ಹಚ್ಚಿ, ಅಷ್ಟು ದಿನ ತಡೆದದ್ದನ್ನೆಲ್ಲ ಗಟ್ಟಿಯಾಗಿ ಅತ್ತಳು. ಗುಂಡಿ ಅಳಲಿಲ್ಲ. ಅವಳನ್ನು ನೋಡಿಕೊಂಡಳು.