ಹೇಮಾವತಿಗೆ ಬೇಕಾದ ಸಾಲ

ಅಡಿಕೆ ಇನ್ನೂ ಮರದ ಮೇಲಿರುವಾಗಲೇ ನೋಡಿ, ಇಷ್ಟು ಕ್ವಿಂಟಾಲ್ ಬರುತ್ತದೆ ಎಂದು ಅಂದಾಜು ಕಟ್ಟಿ ಫಸಲು ಹಿಡಿಯುವುದು ನನ್ನ ಕಸುಬು. ಖೇಣಿ ಅನ್ನುತ್ತೇವೆ. ಪಂಚಾಕ್ಷರಪ್ಪನ ಕಣ್ಣಳತೆ ಎರಡು ಕ್ವಿಂಟಾಲ್ ಆಚೀಚೆ ಆಗುವುದಿಲ್ಲ ಎಂದು ಜನ ಹೇಳುತ್ತಾರೆ. ಸುಳ್ಳೇನಲ್ಲ. ಆದರೆ ತೋಟದ ಯಜಮಾನನನ್ನು ಮಾತ್ರ ಏನೂ ಕೇಳಬಾರದು, ಹೆತ್ತವರಿಗೆ ಹೆಗ್ಗಣ ಮುದ್ದು. ಹೋದ ವರ್ಷ ಖೇಣಿ ಹಿಡಿದವನನ್ನು ಹುಡುಕಿ ಕೇಳಬೇಕು.

ಮಗಳು ಹೇಮಾವತಿ ದಾವಣಗೆರೆಯಲ್ಲಿ ಫಿಸಿಯೋಥೆರಪಿ ಓದುತ್ತೇನೆ, ಹನ್ನೆರಡು ಲಕ್ಷದ ಶಿಕ್ಷಣ ಸಾಲಕ್ಕೆ ಸಹಿ ಹಾಕಿ ಎಂದಾಗಲೂ ಹಾಗೇ ಮಾಡಿದೆ. ಕಾಲೇಜಿನವರ ಹತ್ತಿರ ಹೋಗಲಿಲ್ಲ. ಅವರ ಬಣ್ಣದ ಪುಸ್ತಕದಲ್ಲಿ ನಗುವ ಹುಡುಗಿಯರ ಫೋಟೋ ಬಿಟ್ಟರೆ ಇನ್ನೇನಿರುತ್ತದೆ, ಮಣ್ಣು! ಅಲ್ಲೇ ಓದಿ ಮುಗಿಸಿದ ಸಂತೇಬೆನ್ನೂರಿನ ಪೂಜಾ ಈಗ ಚನ್ನಗಿರಿಯ ಒಂದು ಕ್ಲಿನಿಕ್ಕಿನಲ್ಲಿದ್ದಾಳೆ ಎಂದು ತಿಳಿಯಿತು. ಅಲ್ಲಿಗೆ ಹೋದಾಗ ಮಂಡಿನೋವಿನ ಅಜ್ಜಿಯೊಬ್ಬಳ ಕಾಲು ಮಡಚಿಸುತ್ತಿದ್ದಳು. ಮುಗಿಯುವ ತನಕ ಕಾದು ಕೇಳಿದೆ. ಸಂಬಳ ಹದಿನೈದು ಸಾವಿರ, ಸಾಲದ ಕಂತು ಹನ್ನೆರಡೂವರೆ ಸಾವಿರ, ಇನ್ನೂ ಎಂಟು ವರ್ಷ ಕಟ್ಟಬೇಕು ಎಂದಳು. ಹುಡುಗಿ ಏನೂ ಮುಚ್ಚಿಡಲಿಲ್ಲ, ಅದಕ್ಕೆ ಮೆಚ್ಚಿದೆ.

ಮನೆಗೆ ಬಂದು ಮಗಳಿಗೆ ಎಲ್ಲ ಒಪ್ಪಿಸಿದೆ. ಈ ಸಾಲ ಬರೀ ಲುಕ್ಸಾನು, ಚನ್ನಗಿರಿಯಲ್ಲೇ ಬಿ.ಕಾಂ. ಸೇರು, ಅಷ್ಟರಲ್ಲಿ ಬಸವಾಪಟ್ಟಣದ ಸಂಬಂಧವೂ ಕೂಡಿಬರುತ್ತದೆ ಎಂದೆ. ಆ ಹುಡುಗನ ಕಡೆಯವರು ಆಗಲೇ ಎರಡು ಸಲ ಬಂದು ಹೋಗಿದ್ದರು. ನನ್ನ ಹೆಂಡತಿ ನಿರ್ಮಲಮ್ಮ ಹೌದೌದು ಎಂದು ತಲೆಯಾಡಿಸಿದಳು.

ಹೇಮಾವತಿ ಅಳಲಿಲ್ಲ. ಪೂಜಕ್ಕನನ್ನು ಎರಡು ತಿಂಗಳ ಹಿಂದೆಯೇ ಕೇಳಿದ್ದೇನೆ, ಈ ಲೆಕ್ಕವೆಲ್ಲ ಗೊತ್ತು ಎಂದಳು.

"ಗೊತ್ತಿದ್ದೂ ಯಾಕೆ ಬೇಕು ನಿಂಗೆ?"

"ಸಾಲ ಇರೋ ಹುಡುಗೀನ ಕೇಳಾಕೆ ಯಾರೂ ಬರಲ್ಲ ಅಪ್ಪಾಜಿ. ಪೂಜಕ್ಕನ್ನ ಆರು ವರ್ಷದಿಂದ ಒಬ್ರೂ ಕೇಳಿಲ್ಲ. ನಂಗೂ ಹಂಗೇ ಬೇಕು."

ಮೈ ಉರಿಯಿತು. ಇಷ್ಟುದ್ದ ಇದ್ದವಳನ್ನು ಎತ್ತಿ ಬೆಳೆಸಿದ್ದೇನೆ, ನಾನು ಹುಡುಕಿದ ಮನೆಗಿಂತ ಹನ್ನೆರಡು ಲಕ್ಷದ ಹೊರೆಯೇ ಇವಳಿಗೆ ಹಗುರವಾಯಿತಲ್ಲ ಎನ್ನಿಸಿತು. ಊಟ ಮಾಡದೆ ಒಂದಷ್ಟು ಹೊತ್ತು ಜಗಲಿಯಲ್ಲಿ ಕೂತೆ. ಆಮೇಲೆ ಒಳಗೆ ಬಂದು ಸಮಾಧಾನದಿಂದಲೇ ಹೇಳಿದೆ. ಬಸವಾಪಟ್ಟಣದವರಿಗೆ ನಾಳೆಯೇ ಬೇಡ ಅನ್ನುತ್ತೇನೆ, ನಿನ್ನ ಓದು ಮುಗಿಯುವ ತನಕ ಮದುವೆಯ ಮಾತೆತ್ತುವುದಿಲ್ಲ, ಸಾಲದ ಗೊಡವೆ ಬಿಡು ಎಂದೆ.

"ಅಕ್ಕಂಗೂ ಹಿಂಗೇ ಅಂದಿದ್ರಿ," ಎಂದಳು.

ದೊಡ್ಡ ಮಗಳಿಗೆ ಡಿಗ್ರಿ ಎರಡನೇ ವರ್ಷದಲ್ಲೇ ಮದುವೆ ಮಾಡಿದ್ದೆ. ಒಳ್ಳೆಯ ಮನೆ ತಾನಾಗಿ ಬಂದಿತ್ತು. ಪರೀಕ್ಷೆ ಆಮೇಲೆ ಕಟ್ಟಿಸುತ್ತೇನೆ ಎಂದಿದ್ದೆ, ಕಟ್ಟಿಸಲಿಲ್ಲ.

ಇಪ್ಪತ್ತೆರಡು ವರ್ಷದಿಂದ ನಾಲ್ಕೂರಿನ ಜನ ಒಂದು ಚೀಟಿಯನ್ನೂ ಬರೆಸಿಕೊಳ್ಳದೆ ನನ್ನ ಬಾಯಿಮಾತು ನಂಬಿದ್ದಾರೆ. ಹೇಮಾವತಿ ಬ್ಯಾಂಕಿನ ಅರ್ಜಿ ತಂದು ಮುಂದಿಟ್ಟು ಪೆನ್ನು ಕೊಟ್ಟಳು. ಎಲ್ಲೆಲ್ಲಿ ಹಾಕಬೇಕು ಎಂದು ಕೇಳಿ, ಅವಳು ತೋರಿಸಿದ ಕಡೆಯೆಲ್ಲ ಸಹಿ ಹಾಕಿದೆ.